ಬಲೆಯ ಮೇಲೆ ರಿಬ್ಬನ್

ಬಿಡಿ, ಬಿಡಿ ಮಾದೇವಕ್ಕ! ಮತ್ತೆ ಕೈ ಎತ್ತಬ್ಯಾಡಿ! ಮಗಳ ಕಾಲಿಗೆ ಪ್ಲಾಸ್ಟರ್ ಹಾಕಿ ಇನ್ನೂ ತಾಸಾಗ್ಲಿಲ್ಲ, ಹೆತ್ತವಳೇ ಕೆನ್ನೆಗೆ ಬಾರಿಸಿದ್ರೆ ಹ್ಯಾಗೆ? ವಾರ್ಡಿನವರೆಲ್ಲ ನೋಡ್ತಿದ್ರು. ಬನ್ನಿ, ಹೊರಗೆ ಬನ್ನಿ… ಈ ಬೆಂಚಿನ ಮೇಲೆ ಕೂತ್ಕಳಿ. ಒಣಮೀನಿನ ಬುಟ್ಟಿ ಅಲ್ಲೇ ಇರ್ಲಿ, ಯಾರೂ ಒಯ್ಯೂದಿಲ್ಲ. ಅಂಕೋಲೆ ಪೇಟೆಯಿಂದ ಕಾರವಾರಕ್ಕೆ ಒಂದೇ ಉಸಿರಿಗೆ ಬಂದೀರಿ, ನೀರಾದ್ರೂ ಕುಡೀರಿ. ಬ್ಯಾಡ್ವಾ? ಸರಿ.

ಸಿಟ್ಟು ಬರ್ತದೆ, ನನಗೂ ಗೊತ್ತು. ಮಾವನ ಬಲೆ ಶೆಡ್ಡಿಗೆ ಒಬ್ಬಳೇ ಹೋಗಿ, ಬಲೆ ಮೇಲೆ ಕುಣಿದು, ಮೊಣಕಾಲು ಹಾಳು ಮಾಡ್ಕಂಡ್ಲು ಅಂದ್ರೆ ಯಾರಿಗೆ ಸಿಟ್ಟು ಬರೂದಿಲ್ಲ? ಅನ್ನ ಕೊಡೂ ಬಲೆ. ಅಪ್ಪಿತಪ್ಪಿ ಕಾಲು ತಾಗಿದ್ರೆ ಮುಟ್ಟಿ ಕಣ್ಣಿಗೆ ಒತ್ಕಳ್ಳೂ ಮಂದಿ ನೀವು. ಆದ್ರೆ ಅದು ಬರೀ ಕುಣಿತ ಅಲ್ಲ ಮಾದೇವಕ್ಕ… ಆಟ ಅದು. ನೀತಾ ನಿಮಗೆ ಹೇಳ್ಲೇ ಇಲ್ವಾ? ರಿದಮಿಕ್ ಜಿಮ್ನಾಸ್ಟಿಕ್ಸ್!

ಎಂತಕ್ಕೆ ನಗ್ತೀರಿ? ಆ ಹೆಸರು ನನ್ನ ನಾಲಿಗೆಗೂ ಮೊದ್ಲು ಹೊರಳ್ಲಿಲ್ಲ. ಕದ್ವಾಡದ ಗದ್ದೆಯವರ ಮನೆ ಹುಡುಗಿ ನಾನು, ಶಾಲೇಲಿ ಡ್ರಿಲ್ ಕಲಿಸೂ ಅಕ್ಕೋರು ಆದದ್ದೇ ದೊಡ್ಡದು. ಕೇಳಿ, ಹೇಳ್ತೇನೆ. ಹದಿಮೂರು ಮೀಟರ್ ಉದ್ದ, ಅಷ್ಟೇ ಅಗಲದ ಮೆತ್ತನೆ ನೆಲ. ಆಡೂದು ಹುಡುಗೀರು. ಹಾಡು ಹಾಕ್ತಾರೆ, ಒಂದೂವರೆ ನಿಮಿಷ, ಮುಗೀತು. ಕೈಯಲ್ಲಿ ಹಗ್ಗ ಇರ್ತದೆ, ಇಲ್ಲಾ ದೊಡ್ಡ ರಿಂಗು, ಇಲ್ಲಾ ಚೆಂಡು, ಇಲ್ಲಾ ಗದೆ ಹಾಗಿನ ಎರಡು ಸಣ್ಣ ಕೋಲು. ಇಲ್ಲಾ ರಿಬ್ಬನ್! ಐದಾರು ಮೀಟರ್ ರಿಬ್ಬನ್, ಕೋಲಿನ ತುದಿಗೆ. ಆಡಿಸ್ತಾನೇ ಇರ್ಬೇಕು ಅದನ್ನ. ಸುಮ್ನೆ ಬಿದ್ರೆ ಮಾರ್ಕು ಹೋಯ್ತು, ಗಂಟಾದ್ರೂ ಹೋಯ್ತು. ಮೇಲೆ ಎಸೆದು, ಕೆಳಗೆ ತಾನು ಉರುಳಿ ಎದ್ದು, ತಿರುಗಿ ನೋಡದೆ ಹಿಡೀಬೇಕು… ನೋಡದೆ!

ನಿಮ್ಮ ನೀತಾ ಹಿಡೀತಿದ್ಲು. ಒಂಬತ್ತನೇ ಇಯತ್ತೆ ಹುಡುಗಿ, ಹತ್ತಕ್ಕೆ ಒಂಬತ್ತು ಸಲ ಹಿಡೀತಿದ್ಲು! ಧಾರವಾಡದ ಕ್ಯಾಂಪಿನಲ್ಲಿ ನಾನು ಕಲಿತದ್ದು ಹತ್ತೇ ದಿನ, ಬರೂವಾಗ ಒಂದು ಸೀಡಿ ಕೊಟ್ಟಿದ್ರು. ಅಷ್ಟರ ಮೇಲೆ ಇವಳಿಗೆ ಕಲಿಸಿದೆ. ಹದಿನೈದು ವರ್ಷ ಖೋಖೋಕ್ಕೆ ಸೀಟಿ ಊದಿ ಊದಿ ಬೇಸತ್ತಿದ್ದೆ ಮಾದೇವಕ್ಕ. ಇವಳನ್ನ ಕಂಡ ಮೇಲೆ, ರಾಜ್ಯಮಟ್ಟಕ್ಕೆ ಒಯ್ದೇ ಬಿಡ್ತೇನೆ ಅನ್ನಿಸ್ತು. ಅವಳ ಆಸೆಗಿಂತ ನನ್ನ ಆಸೆ ಜಾಸ್ತಿ ಅನ್ನಿ. ಮುಂದಿನ ತಿಂಗಳೇ ಆಯ್ಕೆ ಇತ್ತು. ಈಗ… ಡಾಕ್ಟರು ಹೇಳಿದ್ದು ಕೇಳಿದ್ರಲ್ಲ. ಆಪರೇಶನ್ ಬೇಕಾ ಬ್ಯಾಡ್ವಾ, ಪ್ಲಾಸ್ಟರ್ ಬಿಚ್ಚಿ ನೋಡ್ವ ಅಂದ್ರು. ನಡೀಲಿಕ್ಕೆ ಆಗ್ತದೆ ಅಂದ್ರು. ಆಟದ ಮಾತು ನಾನೇ ಕೇಳ್ದೆ… ಅವರು ಮುಂದಿನ ಪೇಶಂಟನ್ನ ಕರೆದ್ರು.

ಶಾಲೆ ಹಾಲ್ ಸಿಕ್ಕಿದ್ರೆ ಇದೆಲ್ಲ ಆಗ್ತಿರ್ಲಿಲ್ಲ. ಹಾಲ್ ತುಂಬ ಹೊಸ ಬೆಂಚು ತಂದು ಒಟ್ಟಿದ್ರು. ಅದಕ್ಕೇ ಶೆಡ್ಡಿಗೆ ಹೋದದ್ದು ಅವಳು. ಮಳೆಗಾಲಕ್ಕೆ ಟ್ರಾಲರ್ ಬಂದ್ ಇರೂ ತಿಂಗಳು, ನಿಮ್ಮ ತಮ್ಮ ರೂಪೇಶ ಬಲೆ ಎಲ್ಲ ಮಡಚಿ ಹಾಸಿಟ್ಟು, ಮೇಲೆ ಟಾರ್ಪಾಲು ಹೊದಿಸಿದ್ದ. ಗಾದಿ ಹಾಗೆ ಮೆತ್ತಗೆ! ಮೊದಲ ಸುತ್ತು ಎಷ್ಟು ಚಂದ ಬಂತು… ಬೆರಳ ತುದಿ ಮೇಲೆ ನಿಂತು, ಒಂದು ಕಾಲು ಎತ್ತಿ, ರಿಬ್ಬನ್ ತಲೆ ಸುತ್ತ. ಎರಡನೇ ಸುತ್ತಿಗೆ ಟಾರ್ಪಾಲಿನ ಹರುಕಿನಲ್ಲಿ ಹೆಬ್ಬೆರಳು ಇಳೀತು, ಬಲೆ ಕಣ್ಣಲ್ಲಿ ಸಿಕ್ಕಿಬಿತ್ತು. ಮೈ ತಿರುಗ್ತು, ಪಾದ ತಿರುಗ್ಲಿಲ್ಲ. ಟಕ್ ಅಂತ ಸದ್ದು…

ಎಂತ? ಎಂತಕ್ಕೆ ಹಾಗೆ ನೋಡ್ತೀರಿ?

ಅಲ್ಲ… ನೀತಾ ಹೇಳಿದ್ದು. ಅವಳೇ ನನಗೆ ಹೇಳಿದ್ದು, ಆಮೇಲೆ… ನಂಬೂದಿಲ್ವಾ? ಬಯ್ಯಿರಿ ಮಾರಾಯ್ರೆ, ಎಂತಾದ್ರೂ ಅನ್ನಿ! ಪೇಟೇಲಿ ನಿಮ್ಮ ಬಾಯಿಗೆ ಹೆದರದವರಿಲ್ಲ. ಹೀಗೆ ಬಾಯಿ ಮುಚ್ಚಿ ಕೂತ್ರೆ ನಾ ಎಂತ ಮಾಡ್ಲಿ?

ಇದ್ದೆ. ನಾನಿದ್ದೆ ಅಲ್ಲಿ. ಎರಡು ಮಾರು ದೂರದಲ್ಲಿ ಚಪ್ಪಾಳೆ ತಟ್ತಾ ನಿಂತಿದ್ದೆ. ಅವಳನ್ನ ಕರ್ಕಂಡು ಹೋದವಳೇ ನಾನು. "ಬ್ಯಾಡ ಅಕ್ಕೋರೆ, ಬಲೆ ಮೇಲೆ ಆಡೂದು ಬ್ಯಾಡ" ಅಂದ್ಲು. ನಾನು ಎಂತ ತಿಳ್ಕಂಡೆ? ನಿಮ್ಮವರ ಮೂಢನಂಬಿಕೆ ಅಂತ! "ಟಾರ್ಪಾಲ್ ಇದೆಯಲ್ಲೇ, ನಿನ್ನ ಬಲೆಗೆ ಎಂತ ಮೈಲಿಗೆ ಆಗ್ತದೆ?" ಅಂತ ನಕ್ಕೆ. ಅವಳು ಹೇಳಿದ್ದು ಅದಲ್ಲ. ಬಲೆ ಕಾಲು ಹಿಡೀತದೆ ಅಂತ ಹೇಳಿದ್ದು. ಬಲೆ ನಡುವೆ ಬೆಳೆದವಳು, ಅವಳಿಗೆ ಗೊತ್ತಿತ್ತು. ನನಗೆ ಗೊತ್ತಿರ್ಲಿಲ್ಲ.

ಟೆಂಪೋದಲ್ಲಿ ತರೂವಾಗ ಹೆದರಿಬಿಟ್ಟೆ. ನೌಕರಿ ಹೋಗ್ತದೆ, ಊರವರು ಎಂತ ಅಂತಾರೆ… "ಒಬ್ಬಳೇ ಹೋಗಿದ್ದೆ ಅಂತ ಹೇಳು" ಅಂದೆ. ಆ ನೋವಿನಲ್ಲೂ ಹೂಂ ಅಂದ್ಲು. ಈಗಷ್ಟೇ ವಾರ್ಡಿನಲ್ಲಿ ನೀವು ಬಾರಿಸಿದ್ರಲ್ಲ, ನಾನು ಬಾಗ್ಲಲ್ಲೇ ನಿಂತಿದ್ದೆ. ಅವಳು ನನ್ನ ಕಡೆ ಒಂದ್ಸಲವೂ ನೋಡ್ಲಿಲ್ಲ.

ಎಲ್ಲಿಗೆ ಎದ್ರಿ? ನಿಲ್ಲಿ… ಅವಳ ಹತ್ರ ಈಗ ಕೇಳಬ್ಯಾಡಿ. ಕೇಳಿದ್ರೂ ಹೇಳೂದಿಲ್ಲ. ಬರೀ ಹೂಂ ಅಂದದ್ದು ನನಗೆ ಸಾಲ್ಲಿಲ್ಲ, ಆಣೆ ಮಾಡ್ಸಿದೆ.

ದೇವರ ಆಣೆ ಅಲ್ಲ ಮಾದೇವಕ್ಕ. "ನಿನ್ನ ಆಯಿ ತಲೆ ಮೇಲೆ ಆಣೆ ಮಾಡು" ಅಂದೆ… ನಿಮ್ಮ ತಲೆ ಮೇಲೆ.