ಕವರ್ ಕೆಳಗಿನ ಬಾನೆಟ್

ಹೆಸರು: ಪ್ರೇಮಕುಮಾರಿ ಕೋಂ ದಿವಂಗತ ಓಂಕಾರಮೂರ್ತಿ. ವಯಸ್ಸು: 41 ವರ್ಷ. ಕಸುಬು: ಹೊಲಿಗೆ ಅಂಗಡಿ, ಒಂದು ಬಾಡಿಗೆ ಕಾರಿನ ಮಾಲೀಕರು. ವಾಸ: ಬಸ್ ನಿಲ್ದಾಣದ ಹಿಂಭಾಗ, ಗೋಣಿಬೀಡು, ಮೂಡಿಗೆರೆ ತಾಲ್ಲೂಕು.

ನಾನು ಈ ದಿನ ಬೆಳಿಗ್ಗೆ 10-30ಕ್ಕೆ ಠಾಣೆಗೆ ಬಂದು ಈ ಮೂಲಕ ಹೇಳಿ ಬರೆಸುತ್ತಿರುವುದೇನೆಂದರೆ, ನನ್ನ ಬಿಳಿ ಅಂಬಾಸಡರ್ ಕಾರಿನ ಬಾನೆಟ್ಟನ್ನು ನನ್ನ ಗಂಡನ ಚಿಕ್ಕಪ್ಪನ ಮಗ ಶಶಿಧರ ಕದ್ದು ತನ್ನ ಕಾರಿಗೆ ಹಾಕಿಕೊಂಡಿದ್ದಾನೆ. ತನ್ನ ಕಾರಿನ ತುಕ್ಕು ತಿಂದ ಬಾನೆಟ್ಟನ್ನು ನನ್ನ ಕಾರಿಗೆ ಹಾಕಿ, ಏನೂ ಆಗದವನಂತೆ ಇದ್ದಾನೆ.

ನನ್ನ ಯಜಮಾನರು ತೀರಿಕೊಂಡು ಮೂರು ವರ್ಷವಾಗಿದೆ. ಕಾರು ಮಾರಿಬಿಡೋಣವೆಂದು ನಾನು ಹೇಳಿದಾಗ ಇದೇ ಶಶಿಧರ ಅಡ್ಡ ಬಂದು, ಅಣ್ಣನ ಕಾರು ಬೇರೆಯವರ ಪಾಲಾಗಬಾರದು, ತಾನೇ ಓಡಿಸುತ್ತೇನೆ ಎಂದನು. ಅಂದಿನಿಂದ ಅವನೇ ಚಾಲಕ. ಮಧ್ಯಾಹ್ನದ ಊಟ ನಮ್ಮ ಮನೆಯಲ್ಲಿ. ಅವನಿಗೆ ಅಕ್ಕಿರೊಟ್ಟಿ ಬಿಸಿಯಾಗಿಯೇ ಇರಬೇಕೆಂದು ಕಾರಿನ ಹಾರನ್ ಕೇಳಿದ ಮೇಲೆಯೇ ನಾನು ಒಲೆಯ ಮೇಲೆ ಕಾವಲಿ ಇಡುತ್ತಿದ್ದೆ. ಇದನ್ನೆಲ್ಲ ಬರೆಯಬೇಕಾಗಿಲ್ಲ ಎಂದು ಬರೆದುಕೊಳ್ಳುತ್ತಿರುವವರು ಹೇಳಿದರು. ಬೇಕು ಎಂದು ಹೇಳಿ ಬರೆಸಿದ್ದೇನೆ.

ಕಾರಿಗೆ ಹೆಚ್ಚಿನ ಬಾಡಿಗೆ ಕಳಸದ ಕಡೆಗೆ. ಆ ರಸ್ತೆಯಲ್ಲಿ ಮುಂದೆ ಹೋಗುವ ಲಾರಿ, ಜೀಪುಗಳ ಚಕ್ರದಿಂದ ಜಲ್ಲಿ ಸಿಡಿದು ಬಾನೆಟ್ಟಿನ ಮೂತಿಯ ತುಂಬ ಪೇಂಟ್ ಎದ್ದುಹೋಗಿತ್ತು. ಪೇಂಟ್ ಎದ್ದಲ್ಲೆಲ್ಲ ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತಿತ್ತು. ಈ ವರ್ಷ ನವೆಂಬರ್ 5ಕ್ಕೆ ಕಾರನ್ನು ಚಿಕ್ಕಮಗಳೂರಿಗೆ ಒಯ್ದು ಆರ್.ಟಿ.ಓ. ಕಚೇರಿಯಲ್ಲಿ ಎಫ್.ಸಿ. ಮಾಡಿಸಬೇಕು. ಅದು ಪಾಸಾಗದಿದ್ದರೆ ಕಾರು ಬಾಡಿಗೆಗೆ ಓಡುವಂತಿಲ್ಲ, ನಮ್ಮ ಮನೆಯೂ ಓಡುವಂತಿಲ್ಲ.

ಆದ್ದರಿಂದ ಕಳೆದ ಮಾರ್ಚ್ ತಿಂಗಳಲ್ಲಿ ಮೂಡಿಗೆರೆಯ ಪೇಂಟರ್ ದೇವರಾಜನ ಶೆಡ್ಡಿಗೆ ಕಾರು ಬಿಟ್ಟೆ. ಅವನು ಮುಂಭಾಗವನ್ನು ತಗಡು ಕಾಣುವವರೆಗೆ ಉಜ್ಜಿ, ರೆಡ್ ಆಕ್ಸೈಡ್ ಹೊಡೆದು, ಪುಟ್ಟಿ ಹಾಕಿ, ಹೊಸದಾಗಿ ಬಿಳಿ ಪೇಂಟ್ ಮಾಡಿದನು. ಬಾನೆಟ್ಟಿನ ಒಳಮೈಗೂ ಹೊಡೆಯಲೇ ಎಂದು ಕೇಳಿದನು. ಒಳಗೆ ಕಲ್ಲು ಬೀಳುವುದಿಲ್ಲ, ಬೇಡ ಎಂದೆ. ನಿಜವಾದ ಕಾರಣ ಬೇರೆ. ನನ್ನ ಯಜಮಾನರು ಕೊನೆಯ ಸಲ ಆಯಿಲ್ ಬದಲಿಸಿದ ತಾರೀಕನ್ನು ಅಲ್ಲಿ ಕೆಂಪು ಪೇಂಟಿನಲ್ಲಿ ಬರೆದಿದ್ದರು.

ಮತ್ತೆ ಪೇಂಟ್ ಏಳದಿರಬೇಕಾದರೆ ಲಾರಿಯ ಬೆನ್ನು ಹತ್ತಿ ಹೋಗಬಾರದು, ಬಾನೆಟ್ಟಿಗೆ ರೆಕ್ಸಿನ್ ಕವರ್ ಹಾಕಬೇಕು ಎಂದು ದೇವರಾಜ ತಿಳಿಸಿದನು. ಆದರೆ ಮಳೆಗಾಲದಲ್ಲಿ ಕವರಿನ ಒಳಗೆ ನೀರು ನಿಂತು ತುಕ್ಕು ಏಳುತ್ತದೆ, ವಾರಕ್ಕೊಮ್ಮೆ ಬಿಚ್ಚಿ ಒಣಗಿಸಲೇಬೇಕು ಎಂದೂ ಹೇಳಿದನು. ನಾನು ಕಪ್ಪು ರೆಕ್ಸಿನ್ ತಂದು, ಒಳಗೆ ಫ್ಲಾನಲ್ ಕೊಟ್ಟು, ನನ್ನ ಮೆಷಿನ್ನಿನಲ್ಲೇ ಕವರ್ ಹೊಲಿದೆ. ಬಿಚ್ಚಲು ಹೋದಾಗ ಶಶಿಧರ, ‘ನೀವು ಕೈ ಹಾಕ್ಬೇಡಿ ಅತ್ತಿಗೆ, ಹುಕ್ ತಾಗಿ ಪೇಂಟ್ ಗೀರ್ತದೆ. ವಾರ ವಾರ ನಾನೇ ಬಿಚ್ಚಿ ಒಣಗಿಸ್ತೀನಿ’ ಎಂದನು. ಎಷ್ಟು ಕಾಳಜಿ ಎಂದುಕೊಂಡು ಸುಮ್ಮನಾದೆ.

ಆಗಸ್ಟ್ ತಿಂಗಳಲ್ಲಿ ಶಶಿಧರ, ಕಳಸದ ತನ್ನ ಸ್ನೇಹಿತನೊಬ್ಬ ಅಂಬಾಸಡರ್ ಕೊಂಡಿದ್ದಾನೆ, ಅವನಿಗೂ ಅಂಥದ್ದೇ ಕವರ್ ಬೇಕಂತೆ ಎಂದು ಕೇಳಿದನು. ಮನೆಯ ಹುಡುಗನ ಸ್ನೇಹಿತನೆಂದು ಹೊಲಿಗೆಗೆ ಏನೂ ಹಿಡಿಯದೆ, ಫ್ಲಾನಲ್ ಎರಡು ಪದರ ಕೊಟ್ಟು ಹೊಲಿದುಕೊಟ್ಟೆ.

ದಿನಾಂಕ 25-10-2001ರಂದು ಆಯುಧಪೂಜೆ. ಕಾರು ನಮ್ಮ ಮನೆಯ ಮುಂದೆಯೇ ಇತ್ತು. ಶಶಿಧರನಿಗೆ ಜ್ವರ, ಬರುವುದಿಲ್ಲ ಎಂದು ಫೋನ್ ಬಂತು. ಹಬ್ಬದ ದಿನ ಕಾರಿಗೆ ನೀರು ತೋರಿಸದೆ ಇರಬಾರದೆಂದು ಬೆಳಿಗ್ಗೆ 8 ಗಂಟೆಗೆ ನಾನೇ ಕವರ್ ಬಿಚ್ಚಿದೆ. ಒಳಗೆ ತುಕ್ಕಿನಿಂದ ತೂತು ಬಿದ್ದ ಬಾನೆಟ್ ಇತ್ತು. ಮೇಲೆ ಗೋಡೆಗೆ ಬಳಿದಂತೆ ಬಿಳಿ ಪೇಂಟ್ ಬಳಿದಿದ್ದರು.

ದೇವರಾಜ ಮೋಸ ಮಾಡಿದನೆಂದು ತಿಳಿದು ಅವನಿಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದೆ. ಅವನು ಎದುರು ಮಾತಾಡದೆ ಹಬ್ಬದ ಕೆಲಸ ಬಿಟ್ಟು ಬಂದು ನೋಡಿ, ‘ನಾನು ಪೇಂಟ್ ಮಾಡಿದ ಬಾನೆಟ್ ಇದಲ್ಲ ಅಕ್ಕ’ ಎಂದನು. ಬಾನೆಟ್ ಎತ್ತಿ ತೋರಿಸಿದನು. ಒಳಮೈಯಲ್ಲಿ ನೀಲಿ ಬಣ್ಣವಿತ್ತು. ಯಜಮಾನರ ಅಕ್ಷರ ಇರಲಿಲ್ಲ. ಜುಲೈನಲ್ಲಿ ಶಶಿಧರ ಇನ್ನೊಂದು ಬಿಳಿ ಅಂಬಾಸಡರ್ ತಂದು, ಅತ್ತಿಗೆ ಕಳಸಕ್ಕೆಂದು ಎರಡನೇ ಕಾರು ತೆಗೆದುಕೊಂಡಿದ್ದಾರೆ ಎಂದು ಹೇಳಿ, ಬಾನೆಟ್ಟಿನ ಬಣ್ಣಕ್ಕೆ ಹೊಂದುವಂತೆ ಮಡ್‌ಗಾರ್ಡ್‌ಗೆ ಪೇಂಟ್ ಹಾಕಿಸಿಕೊಂಡು ಹೋದನೆಂದೂ ತಿಳಿಸಿದನು. ‘ನಿಮ್ಮನೆ ಏಳಿಗೆ ಆಯ್ತಲ್ಲ ಅಂತ ಖುಷಿಪಟ್ಟೆ’ ಎಂದನು.

ಅದೇ ದಿನ ಬಸ್ಸಿನಲ್ಲಿ ಹೊರಟು ಮಧ್ಯಾಹ್ನ 3-30ಕ್ಕೆ ಕಳಸ ತಲುಪಿದೆ. ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಕಾರು, ಜೀಪುಗಳೆಲ್ಲ ಸೇವಂತಿಗೆ ಹಾರ ಹಾಕಿಕೊಂಡು ನಿಂತಿದ್ದವು. ಸಾಲಿನ ಕೊನೆಯ ಬಿಳಿ ಅಂಬಾಸಡರಿನ ಮೇಲೆ ನಾನು ಹೊಲಿದ ಕವರ್ ಇತ್ತು. ಜ್ವರ ಬಂದಿದ್ದ ಶಶಿಧರ ಅದರ ಮುಂದೆ ಬೂದುಗುಂಬಳ ಒಡೆಯುತ್ತಿದ್ದನು. ಅವನ ಹೆಂಡತಿ ಸುಪ್ರಿಯಾ ಆರತಿ ತಟ್ಟೆ ಹಿಡಿದಿದ್ದಳು. ಕಾರು ಸುಪ್ರಿಯಾಳ ಹೆಸರಿನಲ್ಲಿದೆ, ಏಪ್ರಿಲ್‌ನಲ್ಲಿ ಹಳೆಯದನ್ನು ಕೊಂಡದ್ದು ಎಂದು ಅಲ್ಲಿದ್ದ ಚಾಲಕರು ಹೇಳಿದರು.

ಬಾನೆಟ್ ಎತ್ತು ಎಂದು ಶಶಿಧರನಿಗೆ ಹೇಳಿದೆ. ಹಬ್ಬದ ದಿನ ಜಗಳ ಬೇಡ ಎಂದನು. ನಾನೇ ಹಾರ ಸರಿಸಿ, ಹುಕ್ಕು ಬಿಚ್ಚಿ, ಅಲ್ಲಿದ್ದವರೊಬ್ಬರಿಂದ ಬಾನೆಟ್ ಎತ್ತಿಸಿದೆ. ಯಜಮಾನರು ಬರೆದ ತಾರೀಕು ಹಾಗೆಯೇ ಇತ್ತು. ಆಗ ಶಶಿಧರ, ‘ಅಣ್ಣ ಬರ್ದಿದ್ದು ಅಂತ ಅಳಿಸ್ಲಿಲ್ಲ ಅತ್ತಿಗೆ’ ಎಂದನು. ಅಳಿಸದೇ ಇದ್ದದ್ದಕ್ಕೆ ನಾನು ಅವನಿಗೆ ಕೈ ಮುಗಿಯಬೇಕಿತ್ತೋ ಏನೋ. ಕವರಿನ ಒಳಗಿದ್ದದ್ದು ಯಾರಿಗೆ ಕಾಣುತ್ತಿತ್ತು, ನಿಮ್ಮ ಕಾರು ಓಡುತ್ತಲೇ ಇತ್ತಲ್ಲ ಎಂದೂ ಹೇಳಿದನು. ನಾನು ಪಕ್ಕದ ಅಂಗಡಿಯ ಮೆಟ್ಟಿಲ ಮೇಲೆ ಕೂತೆ. ನನ್ನ ಕಣ್ಣಿಗೆ ಮಣ್ಣೆರಚಲು ಬೇಕಾದ ಬಟ್ಟೆಯನ್ನು ನಾನೇ ಮುತುವರ್ಜಿಯಿಂದ ಹೊಲಿದುಕೊಟ್ಟಿದ್ದೆನಲ್ಲ ಎಂದು ನನ್ನನ್ನೇ ಬೈದುಕೊಂಡೆ.

ದಿನಾಂಕ 26ರಂದು ಸಂಜೆ 6 ಗಂಟೆಗೆ ಇಬ್ಬರೂ ನಮ್ಮ ಮನೆಗೆ ಬಂದರು. ಒಂದೇ ದಿನದಲ್ಲಿ ಬಾನೆಟ್ ವಾಪಸು ಹಾಕಿಕೊಡುತ್ತೇವೆ, ದೂರು ಮಾತ್ರ ಬೇಡ ಎಂದರು. ‘ಮನೆ ಮಾತು ಮನೇಲೇ ಇರ್ಲಿ ಅಕ್ಕ’ ಎಂದು ಸುಪ್ರಿಯಾ ಅತ್ತಳು. ಹಳೆಯ ಕಾರಿಗೆ ಪೇಂಟ್ ಬೇಕಿದ್ದರೆ ಬಾಯಿಬಿಟ್ಟು ಕೇಳಬಾರದಿತ್ತೇ ಎಂದು ಶಶಿಧರನನ್ನು ಕೇಳಿದೆ. ‘ಕೇಳಿದ್ರೆ ನಾನೇ ಹಾಕಿಸ್ತಿದ್ನಲ್ಲೋ ಮಾರಾಯ’ ಎಂದೆ.

ಈ ದಿನ ಸಬ್ ಇನ್ಸ್‌ಪೆಕ್ಟರ್ ಸಾಹೇಬರು ನನಗೆ ತಿಳಿಸಿ ಹೇಳಿದರು. ದೂರು ದಾಖಲಾದರೆ ಬಾನೆಟ್ಟನ್ನು ಜಪ್ತಿ ಮಾಡಿ ಕೋರ್ಟಿಗೆ ಒಪ್ಪಿಸಬೇಕು, ನನ್ನ ಕೈಗೆ ಯಾವಾಗ ಬರುತ್ತದೋ ಹೇಳಲಾಗದು, 5ನೇ ತಾರೀಕಿನ ಎಫ್.ಸಿ. ತಪ್ಪುತ್ತದೆ. ರಾಜಿಯಾದರೆ ನಾಳೆಯೇ ಕಾರಿಗೆ ಹಾಕಿಸಿಕೊಳ್ಳಬಹುದು. ಯೋಚಿಸಿ ಹೇಳಿ ಎಂದು ಹೊರಗಿನ ಬೆಂಚಿನ ಮೇಲೆ ಕೂರಿಸಿದರು. ಯೋಚಿಸಿದೆ. ರಾಜಿಯಾದರೆ ನಾಳೆ ಮತ್ತೆ ಅವನ ಕೈಗೇ ಕೀ ಕೊಡಬೇಕು, ಹಾರನ್ ಕೇಳಿದಾಗ ರೊಟ್ಟಿ ಹಾಕಬೇಕು. ಅದು ನನ್ನಿಂದಾಗುವುದಿಲ್ಲ. ಕಾರು ನಿಂತರೆ ನಿಲ್ಲಲಿ, ಸದ್ಯಕ್ಕೆ ಹೊಲಿಗೆಯಲ್ಲಿ ಮನೆ ನಡೆಸುತ್ತೇನೆ. ದೂರು ದಾಖಲಿಸಿಕೊಂಡು ಕಾನೂನು ಕ್ರಮ ಜರುಗಿಸಬೇಕೆಂದು ಕೋರುತ್ತೇನೆ.

ಬರೆದದ್ದನ್ನು ನನಗೆ ಓದಿ ಹೇಳಿದರು. ನಾನು ಹೇಳಿದಂತೆಯೇ ಇದೆ, ಎಲ್ಲವೂ ಸತ್ಯ. ಒಂದು ಕಡೆ ಮಾತ್ರ ತಿದ್ದಿಸಿದ್ದೇನೆ. ದೂರಿನ ತಲೆಯಲ್ಲಿ ಆರೋಪಿಯನ್ನು ಫಿರ್ಯಾದಿಯ ಕಾರಿನ ಚಾಲಕ ಎಂದು ಬರೆದಿದ್ದರು. ಅದನ್ನು ಹೊಡೆಸಿ ಫಿರ್ಯಾದಿಯ ಮೈದುನ ಎಂದು ಬರೆಸಿದ್ದೇನೆ. ಚಾಲಕ ಕದ್ದಿದ್ದರೆ ಬೇರೆ ಚಾಲಕನನ್ನು ಹುಡುಕಿಕೊಳ್ಳುತ್ತಿದ್ದೆ, ಠಾಣೆಯವರೆಗೆ ಬರುತ್ತಿರಲಿಲ್ಲ.

ಸ್ಥಳ: ಗೋಣಿಬೀಡು
ದಿನಾಂಕ: 27-10-2001

(ಸಹಿ) ಪ್ರೇಮಕುಮಾರಿ