ಕುರ್ಚಿ ತಂದವರ ಪಕ್ಷ

ಈ ಸಭೆಯ ಅಧ್ಯಕ್ಷತೆ ವಹಿಸಿರುವ, ಶಾಲೆಯಲ್ಲಿ ನನಗೆ ಲೆಕ್ಕ ಕಲಿಸಿದ, ಆದ್ದರಿಂದಲೇ ಕಳೆದ ತಿಂಗಳ ಚುನಾವಣೆಯ ಫಲಿತಾಂಶವನ್ನು ನಾನು ತಪ್ಪಿಲ್ಲದೆ ಓದುವಂತೆ ಮಾಡಿದ ಲೆಕ್ಕದ ಮೇಷ್ಟ್ರೇ. ಮೇಲಿನ ಸಮಿತಿಯಿಂದ ಇಷ್ಟು ದೂರ ಬಂದಿರುವ ಮುಖ್ಯ ಅತಿಥಿಗಳಾದ ವಕೀಲರೇ. ಇಂದು ನಾವು ಬೀಳ್ಕೊಡುತ್ತಿರುವ ನಮ್ಮ ಶಾಖೆಯ ಕಾರ್ಯದರ್ಶಿ, ಸೈಕಲ್ ಅಂಗಡಿಯ ಗಾಳಿಯಣ್ಣನವರೇ. ಮನೆಯಿಂದ ಕುರ್ಚಿ ಹೊತ್ತು ತಂದು ಕೂತಿರುವ ಸದಸ್ಯ ಬಂಧುಗಳೇ. ಕುರ್ಚಿ ಇಲ್ಲದೆ ಹಿಂದೆ ಗೋಡೆಗೆ ಒರಗಿ ನಿಂತಿರುವ ಸಭಿಕರೇ.

ನನಗೆ ಕೊಟ್ಟಿರುವ ಕೆಲಸ ವಂದನಾರ್ಪಣೆ. ವಂದನಾರ್ಪಣೆ ಎಂದರೆ ಏನೆಂದು ನಿಮಗೆಲ್ಲ ಗೊತ್ತು. ಜನ ಎದ್ದು ಚಪ್ಪಲಿ ಹುಡುಕುವಾಗ ಹಿಂದಿನಿಂದ ಕೇಳಿಸುವ ದನಿ ಅದು. ದಯವಿಟ್ಟು ಇವತ್ತು ಚಪ್ಪಲಿ ಹುಡುಕಬೇಡಿ. ನನ್ನ ಮಾತು ಮುಗಿದ ಕೂಡಲೇ ಕೈ ಎತ್ತುವುದಿದೆ. ಚಹಾ ಕುಡಿಯುವಾಗ ಎರಡೂ ಕಡೆಯವರು ಗುಟ್ಟಾಗಿ ತಲೆ ಎಣಿಸಿದ್ದಾರೆ. ಸಮಸಮ ಬಂದಿದೆಯಂತೆ. ಅಂದರೆ ಒಂದು ಕೈ ಸಾಕು, ಈ ಶಾಖೆ ಮುಂದೆ ಏನಾಗುತ್ತದೆ ಎಂದು ತೀರ್ಮಾನಿಸಲು. ಇಂಥ ಹೊತ್ತಿನಲ್ಲಿ ಬರೀ ವಂದನೆ ಹೇಳಿ ಇಳಿಯುವ ಸಭ್ಯತೆ ನನಗೆ ಯಾರೂ ಕಲಿಸಿಲ್ಲ.

ನಿರ್ಣಯ ಏನು? ಬೀದಿ ನಲ್ಲಿಯಲ್ಲಿ ಎಲ್ಲರಿಗೂ ಪುಕ್ಕಟೆ ನೀರು ಎಂಬ ನಮ್ಮ ಹಳೆಯ ಬೇಡಿಕೆಯನ್ನು ಕೈಬಿಡುವುದು. ಮನೆಮನೆಗೆ ಮೀಟರ್ ಹಾಕಿದ ಕೊಳಾಯಿ ಬರಲಿ ಎಂದು ಒಪ್ಪಿಕೊಳ್ಳುವುದು. ಕಾರಣ ಏನು? ಮತದಾರರು ಹಾಗೆ ಹೇಳಿದ್ದಾರೆ, ನಮ್ಮನ್ನು ಸೋಲಿಸಿ ಹೇಳಿದ್ದಾರೆ. ವಕೀಲರು ಇದನ್ನು ಬಹಳ ಚೆನ್ನಾಗಿ ವಿವರಿಸಿದರು. ಅಂಗಡಿಯವನು ಗಿರಾಕಿಗೆ ಬೇಕಾದದ್ದನ್ನು ಇಡಬೇಕು, ತನಗೆ ರುಚಿಸಿದ್ದನ್ನಲ್ಲ ಎಂದರು. ನೀವು ಚಪ್ಪಾಳೆ ತಟ್ಟಿದಿರಿ. ನಾನೂ ತಟ್ಟಿದೆ, ಅತಿಥಿಗಳು ಎಂದು ತಟ್ಟಿದೆ.

ಆದರೆ ನಮ್ಮ ನಡುವೆ ನಿಜವಾದ ಅಂಗಡಿಯವರೊಬ್ಬರು ಕೂತಿದ್ದಾರಲ್ಲ. ಒಮ್ಮೆ ಗಾಳಿಯಣ್ಣನ ಅಂಗಡಿಗೆ ಒಬ್ಬ ಸೈಕಲ್ ತಳ್ಳಿಕೊಂಡು ಬಂದ. ಬ್ರೇಕು ಕಿರ್ರೆನ್ನುತ್ತದೆ, ತಲೆ ಚಿಟ್ಟು ಹಿಡಿಯುತ್ತದೆ, ಬಿಚ್ಚಿ ಹಾಕು ಎಂದ. ಗಾಳಿಯಣ್ಣ ಕೈ ಒರೆಸಿಕೊಂಡು, "ಸರಿ ಮಾಡ್ಕೊಡ್ತೀನಿ. ಬಿಚ್ಚಿಸ್ಕೊಳ್ಳೋಕೆ ಬೇರೆ ಅಂಗಡಿ ನೋಡ್ಕೊ. ನಾಳೆ ನೀನು ಗೋಡೆಗೆ ಗುದ್ದಿದ್ರೆ ಜನ ನನ್ನ ಹೆಸರು ಹೇಳ್ತಾರೆ," ಎಂದರು. ಆ ಮನುಷ್ಯ ಹೋದ. ಮತ್ತೆ ಬರಲೇ ಇಲ್ಲ. ಅದನ್ನೂ ಹೇಳಬೇಕು, ಕಥೆ ಅರ್ಧಕ್ಕೆ ನಿಲ್ಲಿಸಬಾರದು. ಗಿರಾಕಿ ಹೋದ, ಆದರೆ ಅಂಗಡಿ ಅಂಗಡಿಯಾಗಿ ಉಳಿಯಿತು.

ವಕೀಲರಿಗೆ ನಮ್ಮ ಶಾಖೆಯ ಪದ್ಧತಿ ಹೊಸದು. ಅವರು ಪ್ರೀತಿಯಿಂದ ಬಾಡಿಗೆಗೆ ತರಿಸಿದ ಪ್ಲಾಸ್ಟಿಕ್ ಕುರ್ಚಿಗಳನ್ನು ನಾವು ಮೂಲೆಯಲ್ಲಿ ಪೇರಿಸಿಟ್ಟದ್ದು ನೋಡಿ ಅವರ ಮುಖ ಸ್ವಲ್ಪ ಸಣ್ಣದಾಯಿತು. ಬೇಸರ ಮಾಡಿಕೊಳ್ಳಬೇಡಿ ಸಾರ್. ಈ ಗೋದಾಮಿನ ಮಹಡಿಯಲ್ಲಿ ಪಕ್ಷ ಶುರುವಾದಾಗ ಕೂರಲು ಒಂದು ಹಲಗೆಯೂ ಇರಲಿಲ್ಲ. ಬರುವವರು ತಮ್ಮ ತಮ್ಮ ಕುರ್ಚಿ ತಂದರು. ಆಮೇಲೆ ಅದೇ ಕಾನೂನಾಯಿತು: ಕೂರಲು ತಂದವನಿಗೆ ಕೈ ಎತ್ತುವ ಹಕ್ಕು, ನಿಂತವನಿಗೆ ಕೇಳುವ ಹಕ್ಕು. ನೋಡಿ, ಅಲ್ಲಿ ಟೈಲರ್ ಮಾವನ ಮೆಷಿನ್ ಸ್ಟೂಲು. ಅಲ್ಲಿ ಕ್ಷೌರದ ಅಂಗಡಿಯ ಅಣ್ಣನ ತಿರುಗು ಸ್ಟೂಲು. ವಾದದಲ್ಲಿ ಸೋತರೆ ಅವರು ಕಿಟಕಿಯ ಕಡೆಗೆ ತಿರುಗಿಬಿಡುತ್ತಾರೆ. ಈಗ ತಿರುಗಬೇಡಿ ಅಣ್ಣ, ಇನ್ನೂ ಶುರುವಾಗಿಲ್ಲ.

ಕಡಿದಾದ ಮೆಟ್ಟಿಲಲ್ಲಿ ಕುರ್ಚಿ ಹೊತ್ತು ತರುವವನು ತನ್ನ ಅಭಿಪ್ರಾಯವನ್ನೂ ಹೊತ್ತು ತಂದಿರುತ್ತಾನೆ. ಅವನನ್ನು ಬಿಟ್ಟು ಪಕ್ಷ ಯಾರ ಹಿಂದೆ ಹೋಗಬೇಕು? ಚುನಾವಣೆಯ ದಿನ ಒಮ್ಮೆ ಬಂದು, ಶಾಯಿ ಹಚ್ಚಿಸಿಕೊಂಡು, ಮನೆಗೆ ಹೋದವರ ಹಿಂದೆಯೇ? ಸೋತಾಗಲೆಲ್ಲ ನಿಲುವು ಬದಲಿಸುವುದಾದರೆ ನಮಗೆ ಪಕ್ಷ ಯಾಕೆ ಬೇಕು? ಗಾಳಿ ಎತ್ತ ಬೀಸುತ್ತದೆ ಎಂದು ತೋರಿಸುವ ಒಂದು ಬಟ್ಟೆಯ ತುಂಡು ಮಹಡಿಯ ಮೇಲೆ ಕಟ್ಟಿದರೆ ಸಾಲದೇ?

ನಾನು ಕಾಲೇಜಿನಲ್ಲಿ ಓದಿದವಳಲ್ಲ. ಪ್ರೆಸ್ಸಿನಲ್ಲಿ ಹಾಳೆ ಮಡಚುವ ಕೆಲಸ ನನ್ನದು. ನಾನು ಓದಿದ್ದೆಲ್ಲ ಮಡಚುವಾಗ ಓದಿದ್ದು. ಕತ್ತರಿಸುವ ಮುಂಚೆ ಪುಸ್ತಿಕೆಯ ಪುಟಗಳು ಒಂದೇ ದೊಡ್ಡ ಹಾಳೆಯ ಮೇಲಿರುತ್ತವೆ, ಅರ್ಧ ನೇರ, ಅರ್ಧ ತಲೆಕೆಳಗು. ಹಾಗಾಗಿ ಎಷ್ಟೋ ದೊಡ್ಡ ವಿಚಾರಗಳ ಪ್ರಶ್ನೆ ನನಗೆ ಗೊತ್ತು, ಉತ್ತರ ತಲೆಕೆಳಗಾಗಿ ಹೋಗಿದೆ. ನಮ್ಮ ಪಕ್ಷದ ಕರಪತ್ರ ಮಾತ್ರ ಒಂದೇ ಪುಟದ್ದು. ಅದನ್ನು ಪೂರ್ತಿ ಓದಿದೆ. ಓದಿ ಸಿಟ್ಟು ಬಂತು, ಒಂದು ಸಾಲು ಇನ್ನೊಂದಕ್ಕೆ ವಿರುದ್ಧವಾಗಿತ್ತು. ಜಗಳಕ್ಕೆಂದೇ ಈ ಮೆಟ್ಟಿಲು ಹತ್ತಿದೆ.

ಆವತ್ತು ನನ್ನ ಕೈಯಲ್ಲಿ ಕರಪತ್ರ ಇತ್ತು, ಕುರ್ಚಿ ಇರಲಿಲ್ಲ. ಗಾಳಿಯಣ್ಣ ನನ್ನ ಮಾತು ಅರ್ಧಕ್ಕೇ ತಡೆದು ಕೆಳಗೆ ಹೋದರು. ಎದುರಿನ ತಮ್ಮ ಅಂಗಡಿಯಿಂದ ಬಿಡಿಭಾಗ ತುಂಬುವ ಮರದ ಪೆಟ್ಟಿಗೆಯೊಂದನ್ನು ಹೊತ್ತು ತಂದು ಮಗುಚಿ ಹಾಕಿ, "ಕೂತ್ಕೊಂಡು ಜಗಳ ಆಡಮ್ಮ. ನಿಂತ್ಕೊಂಡು ಆಡಿದ್ರೆ ಕಾಲು ನೋಯುತ್ತೆ, ಮಾತು ಬೇಗ ಮುಗಿಸ್ಬಿಡ್ತೀಯ," ಎಂದರು. ನಾನು ಬೇಗ ಮುಗಿಸಲಿಲ್ಲ. ಅದೇ ದಿನ ಅದೇ ಪೆಟ್ಟಿಗೆಯ ಮೇಲೆ ಕೂತು ಕೈಯನ್ನೂ ಎತ್ತಿದೆ. ಮೇಷ್ಟ್ರು ಎಣಿಸಿಕೊಂಡರು. ಪೆಟ್ಟಿಗೆ ಹೊತ್ತು ತಂದವರು ಯಾರು ಎಂದು ಆವತ್ತು ಯಾರೂ ಕೇಳಲಿಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೇನೆ.

ಇಂಥ ಗಾಳಿಯಣ್ಣ ಈಗ ರಾಜೀನಾಮೆ ಕೊಟ್ಟಿದ್ದಾರೆ. ಸೋತದ್ದು ನಮ್ಮೆಲ್ಲರ ನಿಲುವು, ಮನೆಗೆ ಹೋಗುತ್ತಿರುವುದು ಅವರೊಬ್ಬರೇ. ನಾವು ಅವರಿಗೆ ಗೋಡೆ ಗಡಿಯಾರ ಕೊಟ್ಟಿದ್ದೇವೆ. ಕೆಲಸ ಬಿಟ್ಟವರಿಗೇ ಗಡಿಯಾರ ಯಾಕೆ ಕೊಡುತ್ತಾರೋ ನನಗೆ ತಿಳಿಯದು.

ಈ ಸಲ ನಾವು ಪ್ರಚಾರ ಮಾಡಿದ್ದು ಕಡಿಮೆಯೇ? ದಿನಾ ಬೆಳಿಗ್ಗೆ, ಜನ ಕೆಲಸಕ್ಕೆ ಹೊರಡುವ ಮುಂಚೆ, ಒಂದು ಮನೆಯನ್ನೂ ಬಿಡದೆ ಬಾಗಿಲು ತಟ್ಟಿದೆವು. ಬಾಗಿಲು ತೆರೆದವರು ಏನೆಂದರು? "ಮೀಟರ್ ಯಾಕ್ರೀ, ಬೀದಿ ನಲ್ಲೀಲಿ ನೀರು ಚೆನ್ನಾಗೇ ಬರುತ್ತಲ್ಲ," ಎಂದರು. ಹಲ್ಲುಜ್ಜುತ್ತಾ ಎಂದರು. ಎಷ್ಟೋ ಜನ ಚಾದರ ಹೊದ್ದುಕೊಂಡೇ ಎಂದರು. ಗೆದ್ದೆವು ಎಂದುಕೊಂಡೆವು. ಬೆಳಗಿನ ಆ ಕೆಲಸಕ್ಕಾಗಿ ನಾನು ಮನೆಗೆ ಒಂದು ಕೊಡ ನೀರೂ ತಂದವಳಲ್ಲ. ಅಮ್ಮನೇ ಹೇಳಿದ್ದಳು: "ನೀನು ಹೋಗು. ನಿಂದು ಊರು ಉದ್ಧಾರ ಮಾಡೋ ಕೆಲಸ. ಕೊಡ ನಾನು ತರ್ತೀನಿ." ಇಂಥ ತಾಯಿ ಎಷ್ಟು ಜನಕ್ಕೆ ಸಿಗುತ್ತಾಳೆ ಹೇಳಿ.

ಫಲಿತಾಂಶದ ದಿನ ಸಂಜೆ ಮನೆಗೆ ಹೋದೆ. ಅಮ್ಮ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಬಲಭುಜಕ್ಕೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ಮುಂದಿನ ಮಾತನ್ನು ಇಲ್ಲಿ ಹೇಳಲು ಅವಳ ಅಪ್ಪಣೆ ಇದೆ. "ಹೇಳ್ಕೊ, ನಾನೇನು ಕದ್ದಿದ್ದೀನಾ," ಎಂದಿದ್ದಾಳೆ.

"ಸೋತ್ಬಿಟ್ವಿ ಅಮ್ಮ," ಎಂದೆ.

"ಗೊತ್ತು. ನಾನು ನಿಮಗೆ ಹಾಕ್ಲಿಲ್ಲ ಕಣೆ."

"ಮತ್ತೆ ಯಾರಿಗೆ ಹಾಕ್ದೆ?"

"ಕೊಳಾಯಿಗೆ."

"ಮೀಟರ್ ಬರುತ್ತಮ್ಮ. ದುಡ್ಡು ಕಟ್ಟದಿದ್ರೆ ನೀರು ನಿಲ್ಲಿಸ್ತಾರೆ. ಕರಪತ್ರ ಓದ್ಲಿಲ್ವಾ?"

"ಓದಿದೆ. ನೀನೇ ಮಡಚಿದ್ದಲ್ವಾ? ಮಡಿಕೆ ಚೆನ್ನಾಗಿತ್ತು."

"ಓದಿ ಹೀಗೆ ಮಾಡಿದ್ಯಾ?"

"ದುಡ್ಡು ಕಟ್ಟದಿದ್ರೆ ನೀರು ಮುಂದೆ ಯಾವಾಗ್ಲೋ ನಿಲ್ಲುತ್ತೆ. ನನ್ನ ಭುಜ ಈಗ್ಲೇ ನಿಂತಿದೆ."

ನನಗೆ ರೇಗಿತು. ನಾವು ದಿನಾ ಬೆಳಿಗ್ಗೆ ಮನೆಮನೆಗೆ ಹೋಗಿ ಕೇಳಲಿಲ್ಲವೇ, ಆಗ ಯಾರೂ ಯಾಕೆ ಬಾಯಿ ಬಿಡಲಿಲ್ಲ ಎಂದೆ. ಅಮ್ಮ ನಕ್ಕಳು. "ನೀವು ಬಾಗಿಲು ತಟ್ಟೋ ಹೊತ್ತಿಗೆ ನಲ್ಲೀಲಿ ನೀರು ಬರ್ತಿತ್ತಲ್ಲೇ. ಹೆಂಗಸರೆಲ್ಲ ಸಾಲಲ್ಲಿ ನಿಂತಿದ್ವಿ. ಮನೇಲಿ ಸಿಕ್ಕಿದ್ದು ನೀರು ಹೊರದೋರು."

ಸಭಿಕರೇ, ನಾವು ಸಾಲಿನ ಹತ್ತಿರ ಯಾಕೆ ಹೋಗಲಿಲ್ಲ? ಹೋಗಬಾರದೆಂದು ನಾವೇ ನಿಯಮ ಮಾಡಿದ್ದೆವು. ನಲ್ಲಿ ಎಲ್ಲರದು, ಅಲ್ಲಿ ಯಾವ ಪಕ್ಷವೂ ಬಾಯಿ ತೆರೆಯಬಾರದು ಎಂದು ಇದೇ ಮಹಡಿಯ ಮೇಲೆ ಕೈ ಎತ್ತಿ ಒಪ್ಪಿದ್ದೆವು. ಎಷ್ಟು ಉದಾತ್ತ ನಿಯಮ. ನಲ್ಲಿಗಾಗಿ ಹೋರಾಡಿದ ಪಕ್ಷ ನಲ್ಲಿಯ ಹತ್ತಿರ ನಿಂತವರನ್ನು ಬಿಟ್ಟು ಊರಿನವರನ್ನೆಲ್ಲ ಮಾತಾಡಿಸಿತು.

ನಾನು ಕೊನೆಯ ಬಾಣ ಬಿಟ್ಟೆ. "ಸರಿ, ಸಭೆಗೆ ಬಂದು ಹೇಳ್ಬಹುದಿತ್ತಲ್ಲ? ಯಾರು ಬೇಡ ಅಂದ್ರು? ಒಂದು ಕುರ್ಚಿ ತಂದಿದ್ರೆ ಆಗ್ತಿತ್ತು."

ಅಮ್ಮ ಎಣ್ಣೆಯ ಬಟ್ಟಲು ಕೆಳಗಿಟ್ಟಳು. "ಎರಡು ಕೈಯಲ್ಲೂ ಕೊಡ ಇತ್ತು. ಕುರ್ಚಿ ಯಾವ ಕೈಲಿ ತರ್ಲಿ?"

ನನ್ನ ಪುಸ್ತಿಕೆಗಳಲ್ಲಿ ಇದಕ್ಕೆ ಉತ್ತರ ಹುಡುಕಿದೆ. ತಲೆಕೆಳಗಾದ ಪುಟಗಳನ್ನೂ ತಿರುಗಿಸಿ ನೋಡಿದೆ.

ವಕೀಲರು ಈಗ ತಲೆ ಆಡಿಸುತ್ತಿದ್ದಾರೆ. ನೋಡಿ, ನಾನು ಹೇಳಿದ್ದೂ ಅದೇ, ಮತದಾರರ ಹಿಂದೆ ಹೋಗಿ ಎನ್ನುತ್ತಿರುವಂತಿದೆ. ಇಲ್ಲ ಸಾರ್. ನಿಮ್ಮ ಸಮೀಕ್ಷೆಯವರು ಬಂದರೆ ಅಮ್ಮನನ್ನು ಏನು ಕೇಳುತ್ತಾರೆ? ಕೊಳಾಯಿಯೋ, ನಲ್ಲಿಯೋ? ಅವಳು ಕೊಳಾಯಿ ಎನ್ನುತ್ತಾಳೆ. ಒಂದು ಗುರುತು ಹಾಕಿಕೊಂಡು ಮುಂದಿನ ಮನೆಗೆ ಹೋಗುತ್ತಾರೆ. ಭುಜದ ವಿಷಯ ಕೇಳುವವರು ಯಾರು? ಮೀಟರಿನ ಬಿಲ್ಲು ಕಟ್ಟಲಾಗದ ತಿಂಗಳು ಅವಳು ಏನು ಮಾಡುತ್ತಾಳೆ ಎಂದು ಅವಳ ಜೊತೆ ಕೂತು ಜಗಳವಾಡುವವರು ಯಾರು? ಹಿಂದೆ ಹೋಗುವವನಿಗೆ ಮುಂದೆ ಹೋಗುವವರ ಬೆನ್ನು ಮಾತ್ರ ಕಾಣುತ್ತದೆ. ನಾನು ಈಗಲೂ ಬೀದಿ ನಲ್ಲಿಯ ಕಡೆಯವಳೇ. ಈ ನಿರ್ಣಯದ ವಿರುದ್ಧವೇ ಕೈ ಎತ್ತುತ್ತೇನೆ. ಪಕ್ಷ ತನ್ನ ಸದಸ್ಯರ ಮಾತನ್ನೇ ಕೇಳಬೇಕು. ಗೆದ್ದರೂ ಕೇಳಬೇಕು, ಸೋತರೂ ಕೇಳಬೇಕು. ಇದರಲ್ಲಿ ನನಗೆ ಕೂದಲಿನಷ್ಟೂ ಅನುಮಾನ ಇಲ್ಲ.

ಆದರೆ ಸದಸ್ಯರು ಯಾರು? ಕುರ್ಚಿ ತಂದವರು. ಕುರ್ಚಿ ತರಲು ಯಾರಿಗೆ ಸಾಧ್ಯ? ಕೈ ಖಾಲಿ ಇದ್ದವರಿಗೆ. ನಮ್ಮ ಕೈ ಯಾರಿಂದ ಖಾಲಿಯಾಯಿತು? ಈ ಪ್ರಶ್ನೆಯನ್ನು ನಾನು ನಿಮ್ಮನ್ನು ಕೇಳುತ್ತಿದ್ದೇನೆ ಎಂದುಕೊಂಡೇ ಬಂದೆ. ಇಲ್ಲಿ ನಿಂತ ಮೇಲೆ ಅದು ಎತ್ತ ತಿರುಗಿತು ಎಂದು ನಿಮಗೂ ಕಾಣುತ್ತಿದೆ.

ಮೇಷ್ಟ್ರೇ, ಗಂಟೆಯ ಮೇಲಿಂದ ಕೈ ತೆಗೆಯಿರಿ, ಮುಗಿಸುತ್ತಿದ್ದೇನೆ.

ಇವತ್ತು ನಾನು ಮೆಟ್ಟಿಲನ್ನು ಎರಡು ಸಲ ಹತ್ತಿದೆ. ಮೊದಲ ಸಲ ನನ್ನ ಪೆಟ್ಟಿಗೆ ತಂದೆ. ಎರಡನೆಯ ಸಲ ನಮ್ಮ ಅಡುಗೆಮನೆಯ ಸ್ಟೂಲು ತಂದೆ. ಅಲ್ಲಿ, ಕಿಟಕಿಯ ಪಕ್ಕ ಇದೆ. ಒಂದು ಕಾಲು ಗಿಡ್ಡ, ರಟ್ಟು ಮಡಚಿ ಇಟ್ಟಿದ್ದೇನೆ. ಮಡಚುವುದು ನನಗೆ ಬರುತ್ತದೆ. ಕೂರಲು ತಂದವನಿಗೆ ಕೈ ಎತ್ತುವ ಹಕ್ಕು ಎನ್ನುತ್ತದೆ ಕಾನೂನು. ಯಾರು ಹೊತ್ತು ತರಬೇಕು ಎನ್ನುವುದಿಲ್ಲ. ನನ್ನ ಪೆಟ್ಟಿಗೆಯನ್ನು ಗಾಳಿಯಣ್ಣ ತಂದಿದ್ದರು, ನೀವು ನನ್ನ ಕೈ ಎಣಿಸಿದಿರಿ. ಆವತ್ತು ಸರಿಯಾದದ್ದು ಇವತ್ತೂ ಸರಿ. ತಪ್ಪು ಎನ್ನುವವರು ನನ್ನನ್ನು ಮೊದಲು ಹೊರಗೆ ಕಳಿಸಿ.

ಈಗ ವಂದನೆಗಳು. ಬಾಡಿಗೆ ಕುರ್ಚಿ ತರಿಸಿದ ಮುಖ್ಯ ಅತಿಥಿಗಳಿಗೆ ವಂದನೆಗಳು. ನಾವು ಅವುಗಳಲ್ಲಿ ಕೂರದಿದ್ದರೂ ಅವುಗಳಿಂದಾಗಿ ಇಂದು ಕುರ್ಚಿಯ ಬಗ್ಗೆ ಯೋಚಿಸಿದೆವು. ಗಂಟೆ ಬಾರಿಸದ ಅಧ್ಯಕ್ಷರಿಗೆ ವಂದನೆಗಳು. ಕುರ್ಚಿ ಹೊತ್ತು ತಂದ ಸದಸ್ಯರಿಗೆ ವಂದನೆಗಳು. ಮುಂದಿನ ಸಭೆಗೆ ದಯವಿಟ್ಟು ಇನ್ನೊಮ್ಮೆ ಮೆಟ್ಟಿಲು ಹತ್ತಿ, ಮನೆಯಲ್ಲಿ ಯಾರ ಕೈ ಖಾಲಿ ಇಲ್ಲವೋ ಅವರದನ್ನೂ ತನ್ನಿ. ಗಾಳಿಯಣ್ಣನವರಿಗೆ ಒಂದು ಪೆಟ್ಟಿಗೆಯಷ್ಟು ವಂದನೆಗಳು.

ಅಮ್ಮ, ಗೋಡೆ ಬಿಟ್ಟು ಬಾ. ಕೂತ್ಕೊ.

ಅವಳು ನನ್ನ ವಿರುದ್ಧ ಕೈ ಎತ್ತುತ್ತಾಳೆ. ನನಗೆ ಗೊತ್ತು, ನಿಮಗೂ ಈಗ ಗೊತ್ತು. ಆ ಒಂದು ಕೈಯಿಂದಲೇ ನಾನು ಸೋಲಬಹುದು. ಸೋತರೆ ನಾಳೆ ಬೆಳಿಗ್ಗೆಯಿಂದ ಮತ್ತೆ ವಾದ ಶುರು ಮಾಡುತ್ತೇನೆ, ಈ ಸಲ ನೀರಿನ ಸಾಲಿನಲ್ಲಿ ಕೊಡ ಹಿಡಿದು ನಿಂತು. ಮೇಷ್ಟ್ರೇ, ಎಣಿಸುವಾಗ ಒಂದು ಮಾತು ಗಮನದಲ್ಲಿರಲಿ. ಅವಳ ಬಲಗೈ ಭುಜದಿಂದ ಮೇಲಕ್ಕೆ ಏಳುವುದಿಲ್ಲ. ಎಡಗೈ ಎತ್ತುತ್ತಾಳೆ. ಅದನ್ನೂ ಎಣಿಸಿಕೊಳ್ಳಿ.

ಎಲ್ಲರಿಗೂ ನಮಸ್ಕಾರ.