ಹದಿನೇಳನೇ ಮರದ ಹಲಗೆ

ಮಾನ್ಯ ಅಧ್ಯಕ್ಷರೇ, ಆಸ್ಪತ್ರೆಯ ಹಿರಿಯ ವೈದ್ಯರೇ, ಎಂಜಿನಿಯರ್ ಸಾಹೇಬರೇ, ಪಾಳಿಯ ನಡುವೆ ಬಿಡುವು ಮಾಡಿಕೊಂಡು ಬಂದಿರುವ ನರ್ಸಮ್ಮಂದಿರೇ, ಮೊದಲ ಸಾಲಿನಲ್ಲಿ ಕೂತು ‘ಬೇಗ ಮುಗಿಸಿ’ ಎಂದು ಕಣ್ಣಲ್ಲೇ ಹೇಳುತ್ತಿರುವ ನನ್ನ ಮನೆಯವಳೇ, ಸಭಿಕರೇ,

ಈ ಹೊಸ ಕಟ್ಟಡದ ಉದ್ಘಾಟನೆಯಲ್ಲಿ ನನಗೂ ಒಂದು ಸನ್ಮಾನ ಅಂತ, ನನಗಿಂತ ಮುಂಚೆ ಮಾತಾಡಿದವರೆಲ್ಲ ನನ್ನನ್ನು ಬಾಯ್ತುಂಬ ಹೊಗಳಿದರು. ಏನು ಹೊಗಳಿದರೋ, ಅರ್ಧ ಕೇಳಿಸಲಿಲ್ಲ. ನೀವು ನಕ್ಕಾಗ ನಾನೂ ನಕ್ಕೆ, ನೀವು ಚಪ್ಪಾಳೆ ತಟ್ಟಿದಾಗ ನಾನೂ ತಟ್ಟಿಬಿಟ್ಟೆ. ನನ್ನ ಹೊಗಳಿಕೆಗೆ ನಾನೇ ಚಪ್ಪಾಳೆ ತಟ್ಟಿದ್ದನ್ನು ನೋಡಿ ಇವಳು ಹಣೆ ಚಚ್ಚಿಕೊಂಡಳು. ನಗಬೇಡಿ. ನಾನು ಇವತ್ತು ಹೇಳಬೇಕಾದ ವಿಷಯ ಅದೇ.

ಮೂವತ್ನಾಲ್ಕು ವರ್ಷ ನಾನು ಮಾಡಿದ್ದು ಒಂದೇ ಕೆಲಸ. ಎಲ್ಲಾದರೂ ಕಟ್ಟಡ ಏಳಬೇಕು ಅಂದರೆ ಮುಂಚೆ ಹೋಗಿ, ಅಲ್ಲಿರುವ ಮರಗಳನ್ನು ಒಂದೊಂದಾಗಿ ಪರೀಕ್ಷಿಸಿ, ‘ಇದು ಆರೋಗ್ಯವಾಗಿದೆ, ಉಳಿಸಿ’, ‘ಇದು ಒಳಗೆ ಟೊಳ್ಳು, ಕಡಿಯಿರಿ’ ಎಂದು ಬರೆದುಕೊಡುವುದು. ತೊಗಟೆ ನೋಡಬೇಕು, ಬುಡದಲ್ಲಿ ಅಣಬೆ ಎದ್ದಿದೆಯೇ ನೋಡಬೇಕು. ಕೊನೆಗೆ ಮರದ ಕೊಡತಿಯಿಂದ ಕಾಂಡವನ್ನು ಬಡಿದು ಕೇಳಬೇಕು. ಗಟ್ಟಿ ಮರ ಟಣ್ ಅನ್ನುತ್ತದೆ, ಟೊಳ್ಳು ಮರ ದಬ್ ಅನ್ನುತ್ತದೆ. ಅನುಮಾನ ಬಂದರೆ ಸೂಜಿಯಂಥ ಬೈರಿಗೆ ಇಳಿಸಿ ನೋಡುವ ಯಂತ್ರವೂ ನಮ್ಮ ಕಚೇರಿಯಲ್ಲಿದೆ. ಅದನ್ನು ನಾನು ಪೆಟ್ಟಿಗೆಯಿಂದ ಹೊರಗೆ ತೆಗೆದವನೇ ಅಲ್ಲ. ‘ನನ್ನ ಕಿವಿ ಇರುವಾಗ ಅದ್ಯಾಕೆ?’ ಅನ್ನುತ್ತಿದ್ದೆ. ಅಹಂಕಾರ, ಇನ್ನೇನು?

ಮೂರು ವರ್ಷದಿಂದ ನಮ್ಮ ಮನೆಯಲ್ಲಿ ಒಂದೇ ಜಗಳ. ‘ಅದೇನು ಗೊಣಗ್ತೀಯ? ಬಾಯಿ ಬಿಟ್ಟು ಹೇಳು’ ಅಂತ ನಾನು. ‘ಅಯ್ಯೋ, ಕೂಗಿ ಕೂಗಿ ಗಂಟಲು ಹರಿದುಹೋಯ್ತು ಕಣ್ರೀ’ ಅಂತ ಇವಳು. ಗಂಟಲಿಗೇ ಏನೋ ಆಗಿದೆ ಅಂತ ನಾನೇ ಹಟ ಹಿಡಿದು, ಹತ್ತು ದಿನದ ಹಿಂದೆ ಇವಳನ್ನು ಇದೇ ಆಸ್ಪತ್ರೆಗೆ ಕರೆತಂದೆ. ಡಾಕ್ಟರಮ್ಮ ಇವಳ ಗಂಟಲಿಗೆ ಟಾರ್ಚ್ ಬಿಟ್ಟು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ‘ಯಜಮಾನ್ರೇ, ನೀವು ಸ್ವಲ್ಪ ಈ ಕಡೆ ಬನ್ನಿ’ ಅಂದರು.

ಸಣ್ಣ ಕೋಣೆಯೊಳಗೆ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಶಬ್ದ ಕೇಳಿಸಿದಾಗೆಲ್ಲ ಗುಂಡಿ ಒತ್ತಿ ಅಂದರು. ಮೂರು ನಾಲ್ಕು ಸಲ ಒತ್ತಿದೆ. ಆಮೇಲೆ ಕಾದೆ. ಕಾದೇ ಕಾದೆ. ಇವರು ಯಾಕೆ ಸುಮ್ಮನಾದರು ಅಂತ ಸಿಟ್ಟು ಬರುವಷ್ಟರಲ್ಲಿ ಬಾಗಿಲು ತೆಗೆದು, ‘ಮುಗೀತು, ಬನ್ನಿ’ ಅಂದರು. ನನ್ನ ಕಿವಿಗೆ ದಪ್ಪ ದನಿಯ ಶಬ್ದ ಮಾತ್ರ ಬೀಳುತ್ತದಂತೆ, ಚೂಪು ದನಿಯ ಶಬ್ದ ಬೀಳುವುದಿಲ್ಲವಂತೆ. ಮೂರ್ನಾಲ್ಕು ವರ್ಷದಿಂದಲೇ ಹೀಗಿರಬೇಕಂತೆ. ಅಂದರೆ ಏನಾಯಿತು? ಟಣ್ ಅನ್ನುವುದೇ ನನಗಿಲ್ಲ. ಹೆಂಡತಿಯ ಮಾತೂ ದಬ್, ಗಟ್ಟಿ ಮರವೂ ದಬ್.

ಈ ಕಟ್ಟಡದ ಜಾಗದಲ್ಲಿ ನಲವತ್ಮೂರು ಮರಗಳಿದ್ದವು. ಎರಡು ವರ್ಷದ ಹಿಂದೆ ಅವುಗಳನ್ನು ಬಡಿದು ನೋಡಿದವನು ನಾನು. ಇಪ್ಪತ್ತೊಂಬತ್ತಕ್ಕೆ ಟೊಳ್ಳು ಅಂತ ಬರೆದೆ. ‘ಅಷ್ಟೊಂದಾ?’ ಅಂತ ಯಾರಾದರೂ ಕೇಳಿದರಾ? ಇಲ್ಲ. ನನ್ನ ಹೆಸರು ಅಂಥದ್ದು. ಕಡಿಯುವ ದಿನ ನಾನು ಹೋಗುವವನಲ್ಲ, ನನ್ನ ಕೈಲಿ ನೋಡಲಿಕ್ಕಾಗುವುದಿಲ್ಲ. ಆದ್ದರಿಂದ ಬುಡದಲ್ಲಿ ಉಳಿದ ಕೊರಡನ್ನೂ ನೋಡಲಿಲ್ಲ.

ಹತ್ತು ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆಗ ಕಿವಿ ಇಷ್ಟು ಕೆಟ್ಟಿರಲಿಕ್ಕಿಲ್ಲ ಬಿಡು, ಸನ್ಮಾನ ಮುಗಿಸಿಕೊಂಡು ಮನೆಗೆ ಹೋಗೋಣ ಅಂತಲೇ ಬಂದೆ. ಒಂದು ಗಂಟೆಯ ಹಿಂದೆ, ಬಾಗಿಲಲ್ಲಿ ಇಲ್ಲಿಯ ಬಡಗಿ ಸಿಕ್ಕಿದರು. ಗರಗಸದ ಪಕ್ಕ ಕೆಲಸ ಮಾಡುವವರು ಜೋರಾಗಿಯೇ ಮಾತಾಡುತ್ತಾರೆ, ಒಂದಕ್ಷರ ಬಿಡದೆ ಕೇಳಿಸಿತು. ‘ಸಾರ್, ನೀವು ಭಾಷಣ ಮಾಡೋ ಪೋಡಿಯಂ ನಾನೇ ಮಾಡಿದ್ದು. ಇಲ್ಲೇ ಕಡಿದ ಮರ. ನಿಮ್ಮ ನಂಬರಿನ ಬಿಲ್ಲೆ ಇನ್ನೂ ಅಂಟಿಕೊಂಡಿತ್ತು, ಹದಿನೇಳು. ಎಂಥಾ ಮರ ಸಾರ್! ಒಂದೇ ಹಲಗೆ, ಜೋಡಣೆಯೇ ಇಲ್ಲ. ಒಳಗೆ ಇರುವೆ ನುಗ್ಗೋವಷ್ಟೂ ತೂತಿರಲಿಲ್ಲ.’ ಪಾಪ, ನನಗೆ ಖುಷಿಯಾಗಲಿ ಅಂತ ಹೇಳಿದರು.

ಹದಿನೇಳು ನನಗೆ ಚೆನ್ನಾಗಿ ನೆನಪಿದೆ. ಅದರ ನೆರಳಲ್ಲಿ ರೋಗಿಗಳು ಚೀಟಿ ಹಿಡಿದು ಕೂತಿರುತ್ತಿದ್ದರು. ತೊಗಟೆಯಲ್ಲಿ ಒಂದು ಬಿರುಕಿಲ್ಲ, ಒಣಗಿದ ಒಂದು ರೆಂಬೆಯಿಲ್ಲ. ಕಣ್ಣು ಚೆನ್ನಾಗಿದೆ ಅಂತು, ಕಿವಿ ಇಲ್ಲ ಅಂತು. ನಾನು ಕಿವಿಯನ್ನು ನಂಬಿದೆ.

ನನ್ನ ಹಳೆಯ ಕೊಡತಿ ಚೀಲದಲ್ಲೇ ಇದೆ. ಅಧ್ಯಕ್ಷರು ಕ್ಷಮಿಸಬೇಕು, ಈ ಹಲಗೆಯನ್ನು ಒಂದು ಸಲ ಬಡಿಯುತ್ತೇನೆ.

ಬಡಿದೆ. ಕೊನೆಯ ಸಾಲಿನವರೂ ತಲೆ ಎತ್ತಿದಿರಿ. ಇವಳು ಕಣ್ಣು ಒರೆಸಿಕೊಳ್ಳುತ್ತಿದ್ದಾಳೆ. ಅಂದರೆ ಟಣ್ ಅಂದಿರಬೇಕು. ನನಗೆ ದಬ್ ಅಂತಲೇ ಕೇಳಿಸಿತು.

ಎಂಜಿನಿಯರ್ ಸಾಹೇಬರೇ, ಸೋಮವಾರ ಬೆಳಿಗ್ಗೆ ಹಿಂದಿನ ಅಂಗಳದಲ್ಲಿ ಪಾರ್ಕಿಂಗ್‌ಗಾಗಿ ಹನ್ನೊಂದು ಮರ ಕಡಿಯಲಿದ್ದೀರಿ. ಅವು ಟೊಳ್ಳು ಅನ್ನುವ ವರದಿಯಲ್ಲಿರುವುದೂ ನನ್ನದೇ ಸಹಿ. ಈ ಸಭೆಯ ಎದುರಿಗೆ ಅದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇನೆ. ಬರೆದೂ ಕೊಡುತ್ತೇನೆ. ಯಂತ್ರ ತರಿಸಿ, ಬೇರೆಯವರಿಂದ ನೋಡಿಸಿ. ನಿಜವಾಗಿ ಟೊಳ್ಳಿದ್ದರೆ ಕಡಿಯಿರಿ, ಅಡ್ಡ ಬರುವುದಿಲ್ಲ. ಇಪ್ಪತ್ತೊಂಬತ್ತನ್ನು ನಾನು ವಾಪಸ್ಸು ತರಲಾರೆ. ಸೋಮವಾರದ ಕಡಿತವನ್ನಾದರೂ ತಡೆಯಿರಿ. ಈ ಸನ್ಮಾನದ ಫಲಕ ಇಲ್ಲೇ ಇರಲಿ.

ಸಾಹೇಬರು ಎದ್ದು ನಿಂತು ಏನೋ ಹೇಳುತ್ತಿದ್ದಾರೆ. ನನಗೆ ತಿಳಿಯುತ್ತಿಲ್ಲ. ಏನಂದರು, ಹೇಳೇ? ನಿಲ್ಲಿಸುತ್ತಾರಂತಾ? ಕೂಗಬೇಡ ಕಣೇ, ಗಂಟಲು ನೋಯುತ್ತದೆ. ನೀನು ಯಾವತ್ತೂ ಗೊಣಗಿರಲಿಲ್ಲ, ತಪ್ಪು ನನ್ನದು. ತಲೆ ಆಡಿಸು, ಸಾಕು.

ಆಡಿಸಿದಳು.

ಇಷ್ಟು ಹೊತ್ತು ಕೇಳಿಸಿಕೊಂಡ ನಿಮ್ಮ ಕಿವಿಗಳಿಗೆ ಧನ್ಯವಾದ. ನಮಸ್ಕಾರ.